ತಾರಾಯುದ್ಧದ ಖಜಾಂಚಿ

ಚದುರಂಗದಲ್ಲಿ ಸಂಶೋಧನೆ ಎಂಬುದಿಲ್ಲ. ಆನೆ ನೇರ ಹೋಗುತ್ತದೆ, ಒಂಟೆ ಓರೆ ಹೋಗುತ್ತದೆ, ಕುದುರೆ ಎರಡೂವರೆ ಮನೆ ಹಾರುತ್ತದೆ. ಸಂಜೆಯವರೆಗೆ ಕೂತು ಆಡಿದರೂ ಆ ಕುದುರೆ ಮೂರೂವರೆ ಮನೆ ಹಾರಲು ಕಲಿಯುವುದಿಲ್ಲ. ಕೊನೆಯ ಮನೆ ಮುಟ್ಟಿದ ಪದಾತಿ ಮಂತ್ರಿಯಾಗುವುದುಂಟು. ಆದರೆ ಅದು ಸೇವಾ ಹಿರಿತನಕ್ಕೆ ಸಿಗುವ ಬಡ್ತಿ, ಹೊಸ ವಿದ್ಯೆಯಲ್ಲ. ಚೌಕಾಬಾರದ ಕಾಯಿಗೆ ಆ ಭಾಗ್ಯವೂ ಇಲ್ಲ. ಕವಡೆ ಹೇಳಿದಷ್ಟು ನಡೆದು ಹಣ್ಣಾದರೆ ಆಯಿತು. ನಮ್ಮ ಅಜ್ಜಂದಿರು ಆಡಿದ ಆಟಗಳಲ್ಲೆಲ್ಲ ಮೊದಲ ನಡೆಗೆ ಏನಿತ್ತೋ ಕೊನೆಯ ನಡೆಗೂ ಅದೇ. ನಡುವೆ ಎದ್ದು ನಿಂತು ‘ನಾನೀಗ ಬಂದೂಕು ಕಂಡುಹಿಡಿದೆ’ ಎಂದರೆ ಪಕ್ಕದವರು ಕಾಯಿಗಳನ್ನೆಲ್ಲ ಬಾಚಿ ಎದ್ದುಹೋಗುತ್ತಿದ್ದರು.

ನಕ್ಷತ್ರಗಳ ನಡುವೆ ಹಡಗು ಓಡಿಸಿ ಕಾದಾಡುವ ಆಟಗಳಲ್ಲಿ ಮಾತ್ರ ಅರ್ಧ ಜೀವ ಇರುವುದೇ ಆ ‘ಕಂಡುಹಿಡಿದೆ’ಯಲ್ಲಿ. ಒಂದೇ ಒಂದು ಕದನ ಆಡುವುದಾದರೆ ಪಟ್ಟಿ ನೋಡಿ ಹಡಗು ಆರಿಸಿಕೊಂಡು ದಾಳ ಉರುಳಿಸಿದರೆ ಸಾಕು. ಕದನದ ಮೇಲೆ ಕದನ ಹೂಡಿ, ಹಿಡಿದ ಗ್ರಹದ ಆದಾಯದಲ್ಲಿ ಮುಂದಿನ ಹಡಗು ಕಟ್ಟುತ್ತ, ಭಾನುವಾರದಿಂದ ಭಾನುವಾರಕ್ಕೆ ಎಳೆಯುವ ಆಟಕ್ಕೆ ಹುಡುಗರು ‘ಕ್ಯಾಂಪೇನ್’ ಎನ್ನುತ್ತಾರೆ. ಕ್ಯಾಂಪೇನ್ ಎಂದ ಮೇಲೆ ಖಜಾನೆ ಬೇಕು. ಖಜಾನೆ ಎಂದ ಮೇಲೆ ಅದರಲ್ಲಿ ಸಂಶೋಧನೆಗೆ ಎಷ್ಟು, ಹೇಗೆ ಕೊಡುವುದು, ಫಲ ಯಾವಾಗ ಎಂಬುದಕ್ಕೆ ನಿಯಮ ಬೇಕು. ಈ ನಿಯಮಗಳ ಬಗ್ಗೆ ಬರೆಯಲು ನನಗಿರುವ ಅರ್ಹತೆ ಒಂದೇ: ಸರ್ಕಾರಿ ಲೆಕ್ಕಪತ್ರ ಶಾಖೆಯಲ್ಲಿ ಕೂತು ತಲೆ ನರೆಸಿಕೊಂಡವನು ನಾನು.

ನನ್ನ ಸೋದರಳಿಯ ಸಾಫ್ಟ್‌ವೇರ್ ಕಂಪನಿಯವನು. ಅಮೆರಿಕಕ್ಕೆ ಹೋಗಿ ಬರುವಾಗ ಬೇರೆಯವರು ಚಾಕೊಲೇಟು ತಂದರೆ ಅವನು ಇಟ್ಟಿಗೆಯಷ್ಟು ಭಾರದ ಒಂದು ಪೆಟ್ಟಿಗೆ ತಂದ. ಜಿಮ್ ಕ್ರೋನ್ ಎಂಬವರು ರೂಪಿಸಿ, ಜಿಎಂಟಿ ಎಂಬ ಸಂಸ್ಥೆ 2011ರಲ್ಲಿ ಹೊರತಂದ ‘ಸ್ಪೇಸ್ ಎಂಪೈರ್ಸ್’ ಎಂಬ ಆಟ ಅದು. ಷಟ್ಕೋನದ ಮನೆಗಳಿರುವ ಕಪ್ಪು ನಕ್ಷೆ, ಬೆರಳ ತುದಿಯಷ್ಟಿನ ನೂರಾರು ಬಿಲ್ಲೆಗಳು, ಹತ್ತು ಮುಖದ ದಾಳಗಳು, ಜೊತೆಗೆ ಪ್ರತಿಯೊಬ್ಬರಿಗೂ ಒಂದೊಂದು ಲೆಕ್ಕದ ಹಾಳೆ. ಆ ಹಾಳೆಯನ್ನು ನೋಡಿದ್ದೇ ನನಗೆ ಕಚೇರಿ ನೆನಪಾಗಿ ಕೈ ತುರಿಸತೊಡಗಿತು. ‘ಮಾವ, ಯುದ್ಧ ನಾವು ಮಾಡ್ತೀವಿ, ನೀವು ಖಜಾನೆ ನೋಡ್ಕೊಳ್ಳಿ’ ಎಂದ ಅಳಿಯ. ಅಂದಿನಿಂದ ನಮ್ಮ ಊಟದ ಮೇಜು ಭಾನುವಾರಗಳಂದು ಬ್ರಹ್ಮಾಂಡವಾಗಿದೆ. ‘ರೀ, ಆ ಗ್ರಹಗಳನ್ನ ಸ್ವಲ್ಪ ಆಚೆ ಸರಿಸಿ, ಸಾರಿನ ಪಾತ್ರೆ ಇಡಬೇಕು’ ಎಂದು ನನ್ನವಳು ಒಳಗಿನಿಂದ ಕೂಗುವವರೆಗೆ ಅಲ್ಲಿ ಸಾಮ್ರಾಜ್ಯಗಳು ಏಳುತ್ತವೆ, ಬೀಳುತ್ತವೆ.

ಆ ಹಾಳೆಯ ಲೆಕ್ಕ ಹೀಗೆ. ಮೂರು ಸುತ್ತು ಹಡಗು ನಡೆಸಿದ ಮೇಲೆ ಒಮ್ಮೆ ಆಯವ್ಯಯದ ಸುತ್ತು ಬರುತ್ತದೆ. ವಸಾಹತುಗಳಿಂದ ಬಂದ ಹಣ ಒಂದು ಕಡೆ. ಅದರಲ್ಲಿ ಮೊದಲು ಇರುವ ಹಡಗುಗಳ ನಿರ್ವಹಣೆ ಕಳೆಯಬೇಕು. ಹಡಗು ದೊಡ್ಡದಾದಷ್ಟೂ ಖರ್ಚು ದೊಡ್ಡದು. ಮುಂದಿನ ಸುತ್ತಿನಲ್ಲಿ ಯಾರು ಮೊದಲು ನಡೆಯಬೇಕೆಂಬುದಕ್ಕೆ ಗುಟ್ಟಾಗಿ ಹರಾಜು ಕೂಗಬೇಕು. ಆಮೇಲೆ ಉಳಿದದ್ದರಲ್ಲಿ ಹೊಸ ವಿದ್ಯೆ ಕೊಳ್ಳಬೇಕೋ ಹೊಸ ಹಡಗು ಕಟ್ಟಬೇಕೋ ನಿರ್ಧರಿಸಬೇಕು. ಗುಂಡಿನ ಗುರಿ, ಕವಚ, ವೇಗ, ಹಡಗಿನ ಗಾತ್ರ, ಮರೆಯಾಗಿ ಹೋಗುವ ವಿದ್ಯೆ, ಮರೆಯಾದವರನ್ನು ಕಾಣುವ ವಿದ್ಯೆ, ಬಾಂಬು ಹುದುಗಿಸುವುದು, ಹುದುಗಿಸಿದ ಬಾಂಬು ಗುಡಿಸುವುದು, ಹೀಗೆ ಸಾಲು ಸಾಲು. ಒಂದು ಸುತ್ತಿನಲ್ಲಿ ಒಂದು ವಿದ್ಯೆಯಲ್ಲಿ ಒಂದು ಮೆಟ್ಟಿಲು ಮಾತ್ರ ಹತ್ತಬಹುದು. ಯಾರು ಏನು ಕೊಂಡರೆಂಬುದು ಹಾಳೆಯಲ್ಲೇ ಗುಪ್ತ. ಕದನದಲ್ಲಿ ಬಳಸಿದಾಗಲೇ ಎದುರಾಳಿಗೆ ಗೊತ್ತಾಗುವುದು.

ಹಣ ಕೊಟ್ಟರೆ ವಿದ್ಯೆ ಕೈಗೆ ಬಂತು: ಇದನ್ನು ನಾನು ಕಿರಾಣಿ ಅಂಗಡಿಯ ನಿಯಮ ಎನ್ನುತ್ತೇನೆ. ಕಾಲು ಕಿಲೋ ಬೇಳೆ ಕೇಳಿದಷ್ಟೇ ನೆಮ್ಮದಿಯಾಗಿ ಲೇಸರ್ ಕೇಳಬಹುದು. ಮೇಜಿನ ಆಟಗಳಲ್ಲಿ ಇದೇ ಹೆಚ್ಚು ಬಳಕೆ, ಏಕೆಂದರೆ ಲೆಕ್ಕ ಸುಲಭ. ಆದರೆ ಇದನ್ನು ನೋಡಿದಾಗಲೆಲ್ಲ ನನ್ನೊಳಗಿನ ಹಳೆಯ ಗುಮಾಸ್ತ ಹುಬ್ಬು ಹಾರಿಸುತ್ತಾನೆ. ಮಂಜೂರಾದ ಹಣಕ್ಕೆ ಹೇಳಿದ ದಿನ ಹೇಳಿದ ವಸ್ತು ಬಂದು ಬಿದ್ದ ಕಡತವನ್ನು ನಾನಂತೂ ಕಂಡಿಲ್ಲ.

ಕಂಪ್ಯೂಟರಿನಲ್ಲಿ ಆಡುವ ಆಟ ಮಾಡಿದವರು ಈ ವಿಷಯದಲ್ಲಿ ಹೆಚ್ಚು ಧೈರ್ಯವಂತರು. ಲೆಕ್ಕ ಯಂತ್ರದ ಪಾಲಿಗೆ ಹೋಗುತ್ತದಲ್ಲ, ಹಾಗಾಗಿ. 1993ರ ‘ಮಾಸ್ಟರ್ ಆಫ್ ಓರಿಯನ್’ನಲ್ಲಿ ಹಣ ತುಂಬುತ್ತ ಹೋದಂತೆ ಒಂದು ಬಲ್ಬಿನ ಚಿತ್ರ ಮೆಲ್ಲಗೆ ತುಂಬಿಕೊಳ್ಳುತ್ತದೆ. ತುಂಬಿದ ಮೇಲೂ ವಿದ್ಯೆ ಕೈಗೆ ಬರುವುದಿಲ್ಲ. ಈ ವರ್ಷ ಸಿಗುವ ಸಾಧ್ಯತೆ ನೂರಕ್ಕೆ ಇಷ್ಟು ಎಂದು ಮಾತ್ರ ತೋರುತ್ತದೆ. ಸಾಧ್ಯತೆ ವರ್ಷ ವರ್ಷ ಏರುತ್ತದೆ, ನಿಮ್ಮ ರಕ್ತದೊತ್ತಡವೂ ಏರುತ್ತದೆ. ಸಾಲದೆಂಬಂತೆ ಪ್ರತಿ ಆಟದಲ್ಲೂ ಕೆಲವು ವಿದ್ಯೆಗಳು ನಿಮ್ಮ ಪಟ್ಟಿಯಲ್ಲೇ ಇರುವುದಿಲ್ಲ. ಕೋಟಿ ಸುರಿದರೂ ಅದು ನಿಮಗೆ ಹೊಳೆಯದು. ನೆರೆಯವನಿಂದ ವಿನಿಮಯ ಮಾಡಿಕೊಳ್ಳಬೇಕು, ಇಲ್ಲವೇ ಗೂಢಚಾರರನ್ನು ಬಿಟ್ಟು ಕದಿಯಬೇಕು. 1996ರ ಎರಡನೆಯ ಭಾಗದಲ್ಲಿ ಇನ್ನೊಂದು ಕ್ರೂರ ನಿಯಮ ತಂದರು. ಎರಡು ಮೂರು ವಿದ್ಯೆಗಳ ಗೊಂಚಲಿನಲ್ಲಿ ಒಂದನ್ನು ಆರಿಸಿದರೆ ಉಳಿದವನ್ನು ನಿಮ್ಮ ಜನ ತಾವೇ ಸಂಶೋಧಿಸುವ ಬಾಗಿಲು ಮುಚ್ಚಿತೆಂದೇ ಲೆಕ್ಕ. ‘ಸೃಜನಶೀಲ’ ಎಂಬ ಹಣೆಪಟ್ಟಿ ಪಡೆದ ಜನಾಂಗಕ್ಕೆ ಮಾತ್ರ ಎಲ್ಲವೂ ಸಿಗುತ್ತವೆ. ಎಸ್ಸೆಸ್ಸೆಲ್ಸಿ ಆದೊಡನೆ ಕಲೆಯೋ ವಾಣಿಜ್ಯವೋ ವಿಜ್ಞಾನವೋ ಎಂದು ನಮ್ಮನ್ನು ಸಾಲಾಗಿ ನಿಲ್ಲಿಸಿದವರೇ ಈ ನಿಯಮ ಬರೆದಿರಬೇಕೆಂದು ನನ್ನ ಗುಮಾನಿ.

1999ರ ‘ಆಲ್ಫಾ ಸೆಂಟಾರಿ’ ಆಟದಲ್ಲಿ ಇನ್ನೂ ಮುಂದೆ ಹೋದರು. ಅಲ್ಲಿ ಇಂಥದೇ ವಿದ್ಯೆ ಬೇಕೆಂದು ಕೇಳುವ ಹಕ್ಕನ್ನೇ ಸಾಮಾನ್ಯವಾಗಿ ಕೊಡುವುದಿಲ್ಲ. ಹುಡುಕಾಟ, ಅರಿವು, ಕಟ್ಟುವಿಕೆ, ದಂಡಯಾತ್ರೆ ಎಂಬ ನಾಲ್ಕು ದಿಕ್ಕುಗಳಲ್ಲಿ ಯಾವ ಕಡೆ ಒಲವೆಂದು ವಿಜ್ಞಾನಿಗಳಿಗೆ ತಿಳಿಸಬೇಕು, ಅಷ್ಟೆ. ಅವರು ತಮಗೆ ತೋಚಿದ್ದನ್ನು ಕಂಡುಹಿಡಿದು ತಂದಿಡುತ್ತಾರೆ. ನಿಜಕ್ಕೆ ಹತ್ತಿರವಾದ ನಿಯಮ ಇದು. ಆಡುವವರು ಹೆಚ್ಚು ಗೊಣಗುವುದೂ ಇದರ ಮೇಲೆಯೇ. ದುಡ್ಡು ನಮ್ಮದು, ತೀರ್ಮಾನ ಬೇರೆಯವರದು ಎಂದರೆ ಯಾವ ಚಕ್ರವರ್ತಿ ಸಹಿಸುತ್ತಾನೆ?

ನಮ್ಮ ಮೇಜಿಗೆ ಬರುತ್ತೇನೆ. ಅಳಿಯನ ರಾಜನೀತಿ ಮೊದಲಿನಿಂದಲೂ ಒಂದೇ. ಹಡಗು ಕಟ್ಟುವುದಿಲ್ಲ, ಬಂದದ್ದನ್ನೆಲ್ಲ ವಿದ್ಯೆಗೆ ಸುರಿಯುತ್ತಾನೆ. ‘ಮಾವ, ಈಗ ಕಟ್ಟಿದ ಹಡಗು ನಾಳೆ ಹಳೇದಾಗತ್ತೆ. ಇನ್ನೆರಡು ರೌಂಡು ಕಾಯಿರಿ, ಡ್ರೆಡ್‌ನಾಟ್ ಇಳಿಸ್ತೀನಿ, ಆಮೇಲೆ ಯಾರೂ ಮುಟ್ಟಕ್ಕಾಗಲ್ಲ.’ ಅವನ ತರ್ಕದಲ್ಲಿ ತಪ್ಪಿಲ್ಲ. ಇಂದು ಕಟ್ಟಿದ್ದು ನಾಳೆ ಹಳತಾಗುತ್ತದೆ, ನಿಜ. ನಾಳೆ ಕಟ್ಟಿದ್ದು ನಾಡಿದ್ದು ಹಳತಾಗುತ್ತದೆ, ಅದೂ ನಿಜ. ಈ ತರ್ಕ ಹಿಡಿದವನು ಮನೆಯನ್ನೂ ಕೊಳ್ಳಲಾರ, ಮೊಬೈಲನ್ನೂ ಕೊಳ್ಳಲಾರ. ಅವನ ಎದುರು ಕೂರುವ ಹುಡುಗಿ ಬೇರೆ ಜಾತಿಯವಳು. ನಾನು ಆಟದ ಜಾತಿ ಹೇಳುತ್ತಿದ್ದೇನೆ. ಅತಿ ಅಗ್ಗದ ಬೇಹಿನ ಹಡಗುಗಳನ್ನು ರಾಶಿ ಹಾಕುತ್ತಾಳೆ, ಗುಂಡಿನ ಗುರಿ ಒಂದು ಮೆಟ್ಟಿಲು ಏರಿಸುತ್ತಾಳೆ, ಸೀದಾ ನುಗ್ಗುತ್ತಾಳೆ. ಮೊನ್ನೆ ಅಳಿಯನ ಹಾಳೆಯಲ್ಲಿ ಬ್ರಹ್ಮಾಂಡದ ಎಲ್ಲ ವಿದ್ಯೆಯೂ ಇತ್ತು. ಅವನ ತಾಯ್ನೆಲದ ಮೇಲೆ ಮಾತ್ರ ಅವಳ ಬಿಲ್ಲೆಗಳಿದ್ದವು. ‘ಅಂಕಲ್, ಇವರ ಪಿಎಚ್‌ಡಿ ಸರ್ಟಿಫಿಕೇಟೆಲ್ಲ ಜೋಪಾನವಾಗಿ ಎತ್ತಿಡಿ’ ಎಂದಳು ಆಕೆ.

ಆರ್ಥರ್ ಸಿ. ಕ್ಲಾರ್ಕ್ 1951ರಲ್ಲೇ ಇದನ್ನು ಕಥೆಯಾಗಿ ಬರೆದಿಟ್ಟಿದ್ದಾರೆ. ‘ಸುಪೀರಿಯಾರಿಟಿ’ ಎಂದು ಅದರ ಹೆಸರು. ವಿಜ್ಞಾನದಲ್ಲಿ ಮುಂದಿದ್ದ ಪಕ್ಷ ಒಂದಾದ ಮೇಲೊಂದು ಅದ್ಭುತ ಆಯುಧ ತರಲು ಹೋಗುತ್ತದೆ. ಪ್ರತಿಯೊಂದೂ ಚೆನ್ನಾಗಿಯೇ ಇದೆ. ಆದರೆ ಅದನ್ನು ಅಳವಡಿಸುವಷ್ಟರಲ್ಲಿ ಹಳೆಯ ಆಯುಧದ ಉತ್ಪಾದನೆ ನಿಂತಿರುತ್ತದೆ, ಹಡಗುಗಳು ದುರಸ್ತಿಗೆ ಹೋಗಿರುತ್ತವೆ, ಹೊಸದರಲ್ಲಿ ಏನೋ ಒಂದು ಎಡವಟ್ಟು. ಹಳೆಯ ಆಯುಧಗಳನ್ನೇ ಎಡೆಬಿಡದೆ ತಯಾರಿಸುತ್ತಿದ್ದ ಶತ್ರು ಗೆದ್ದುಬಿಡುತ್ತಾನೆ. ಸೋತ ಪಕ್ಷದ ಸೇನಾಧಿಕಾರಿ ಸೆರೆಮನೆಯಿಂದ ಬರೆಯುವ ಅರ್ಜಿ ಆ ಕಥೆ. ತಮ್ಮ ಪಕ್ಷದ ಮಹಾ ವಿಜ್ಞಾನಿಯನ್ನು ತಾನಿರುವ ಕೋಣೆಯಿಂದ ಬೇರೆಡೆಗೆ ಸಾಗಿಸದಿದ್ದರೆ ಮುಂದೇನಾದೀತೋ ತಾನರಿಯೆ ಎಂಬುದು ಅರ್ಜಿಯ ಸಾರ. ಅಳಿಯನಿಗೆ ಓದಲು ಕೊಟ್ಟೆ. ‘ಅವರು ಸ್ಟಾಪ್ ಮಾಡಿದ್ದೇ ತಪ್ಪು ಮಾವ, ಇನ್ನೊಂದು ಆಯುಧ ಕಂಡುಹಿಡೀಬೇಕಿತ್ತು’ ಎಂದ.

ಈ ಅಳಿಯನ ಮಾತಿನಿಂದಲೇ ನನಗೊಂದು ವಿಷಯ ತಿಳಿಯಾಯಿತು. ಒಂದು ವಿದ್ಯೆ ಗೊತ್ತಿರುವುದು ಬೇರೆ, ಅದು ಕೈಯಲ್ಲಿರುವುದು ಬೇರೆ. ಈ ಎರಡರ ನಡುವಿನ ದೂರವನ್ನು ಅಳೆಯುವ ನಿಯಮ ಒಳ್ಳೆಯ ನಿಯಮ. ಆ ದೂರವನ್ನು ಅಳಿಸಿಹಾಕುವ ನಿಯಮ ಎಷ್ಟೇ ಚೊಕ್ಕವಾಗಿದ್ದರೂ ಸಪ್ಪೆ. ‘ಸ್ಪೇಸ್ ಎಂಪೈರ್ಸ್’ ಕೊಳ್ಳುವ ವಿಷಯದಲ್ಲಿ ಕಿರಾಣಿ ಅಂಗಡಿಯಾದರೂ ಅದನ್ನು ನಾನು ಕ್ಷಮಿಸಿರುವುದು ಇನ್ನೊಂದು ನಿಯಮಕ್ಕಾಗಿ. ಅಲ್ಲಿ ಹಡಗನ್ನು ಯಾವ ದಿನ ಕಟ್ಟಿದರೋ ಅದು ಆ ದಿನದ ವಿದ್ಯೆಯನ್ನೇ ಹೊತ್ತು ತಿರುಗುತ್ತದೆ. ನೀವು ರಾಜಧಾನಿಯಲ್ಲಿ ಮೂರನೇ ಮೆಟ್ಟಿಲಿನ ಕವಚ ಕಂಡುಹಿಡಿದಿರಬಹುದು. ಗಡಿಯಲ್ಲಿರುವ ಪಡೆಗೆ ಅದರ ಗಾಳಿಯೂ ಸೋಕಿರುವುದಿಲ್ಲ. ಆ ಹಡಗುಗಳು ಹಡಗುಕಟ್ಟೆಗೆ ವಾಪಸಾಗಿ, ಒಂದು ನಡೆ ಸುಮ್ಮನೆ ನಿಂತು, ಗಾತ್ರಕ್ಕೆ ತಕ್ಕ ಹಣ ತೆತ್ತರೆ ಮಾತ್ರ ಹೊಸ ಕವಚ. ಅಷ್ಟು ಹೊತ್ತು ಗಡಿ ಯಾರು ಕಾಯಬೇಕು? ಇಡೀ ಆಟದಲ್ಲಿ ಹುಡುಗರು ನಿಜವಾಗಿ ಉಗುರು ಕಚ್ಚುವುದು ಈ ಪ್ರಶ್ನೆಗೆ. ಕದನದ ದಾಳಕ್ಕಲ್ಲ.

ಅಳಿಯ ಜಪಿಸುವ ಡ್ರೆಡ್‌ನಾಟ್ ಎಂಬ ಹೆಸರು ಹಾರಿಬಂದಿರುವುದೂ ನೆಲದ ಸಮುದ್ರದಿಂದಲೇ. ಬ್ರಿಟನ್ 1906ರಲ್ಲಿ ಇಳಿಸಿದ ಯುದ್ಧನೌಕೆ ಅದು. ಹನ್ನೆರಡು ಅಂಗುಲ ಬಾಯಿಯ ಹತ್ತು ತೋಪು, ಟರ್ಬೈನ್ ಎಂಜಿನ್ನು, 21 ನಾಟ್ ವೇಗ. ಅದು ನೀರಿಗಿಳಿದ ಕ್ಷಣ ಲೋಕದ ಯುದ್ಧನೌಕೆಗಳೆಲ್ಲ ಹಳೆಯ ಕಾಲದವಾದವು. ಹಾಗೆ ಹಳತಾದವುಗಳಲ್ಲಿ ಅತಿ ಹೆಚ್ಚಿನವು ಯಾರವು? ಬ್ರಿಟನ್ನಿನವೇ. ದಶಕಗಳಿಂದ ಕೂಡಿಸಿಟ್ಟ ಸಂಖ್ಯಾಬಲವನ್ನು ತಾನೇ ಅಳಿಸಿ ಜರ್ಮನಿಗೆ ‘ಬಾ, ಮೊದಲಿನಿಂದ ಶುರುಮಾಡೋಣ’ ಎಂದಂತಾಯಿತು. ನೌಕಾಧಿಪತಿ ಫಿಶರ್‌ಗೆ ಇದು ಗೊತ್ತಿರಲಿಲ್ಲವೆಂದಲ್ಲ. ತಾವು ಮಾಡದಿದ್ದರೆ ಬೇರೆಯವರು ಮಾಡುತ್ತಾರೆಂಬುದೇ ಅವರ ವಾದ. ಮುಂದಿರುವವನಿಗೆ ತನ್ನ ಹೊಸ ವಿದ್ಯೆಯೇ ದುಬಾರಿ ಎಂಬ ಈ ಸೂಕ್ಷ್ಮವನ್ನು ಹಿಡಿದ ಆಟದ ನಿಯಮ ಅಪರೂಪ. ಹೆಚ್ಚಿನ ಆಟಗಳಲ್ಲಿ ಮುಂದಿದ್ದವನು ಇನ್ನಷ್ಟು ಗ್ರಹ ಹಿಡಿಯುತ್ತಾನೆ, ಅದರ ಹಣದಲ್ಲಿ ಇನ್ನಷ್ಟು ವಿದ್ಯೆ, ಆ ವಿದ್ಯೆಯಿಂದ ಇನ್ನಷ್ಟು ಗ್ರಹ. ಮೂರನೇ ಭಾನುವಾರಕ್ಕೇ ಗೆಲ್ಲುವವರು ಯಾರೆಂದು ಎಲ್ಲರಿಗೂ ಗೊತ್ತಾಗಿ, ಸೋಲುವವರಿಗೆ ಇದ್ದಕ್ಕಿದ್ದಂತೆ ನೆಂಟರ ಮನೆಯಲ್ಲಿ ಗೃಹಪ್ರವೇಶಗಳು ಒದಗಿಬರುತ್ತವೆ.

ಗೊತ್ತಿರುವುದಕ್ಕೂ ಕೈಯಲ್ಲಿರುವುದಕ್ಕೂ ಇರುವ ದೂರದ ಬಗ್ಗೆ ಇನ್ನೊಂದು ಪ್ರಸಂಗವನ್ನು ಹೇಳದೆ ಮುಂದೆ ಹೋಗಲಾರೆ, ಏಕೆಂದರೆ ಅದರಲ್ಲಿ ನನ್ನ ವೃತ್ತಿಬಾಂಧವರ ಪಾತ್ರವಿದೆ. ಎರಡನೇ ಮಹಾಯುದ್ಧಕ್ಕೆ ಅಮೆರಿಕದ ಜಲಾಂತರ್ಗಾಮಿಗಳು ‘ಮಾರ್ಕ್ 14’ ಎಂಬ ಹೊಸ ಟಾರ್ಪಿಡೊ ಹೊತ್ತು ಹೋದವು. ಒಂದೊಂದರ ಬೆಲೆ ಸುಮಾರು 10,000 ಡಾಲರ್. ಅಷ್ಟು ದುಬಾರಿ ವಸ್ತುವನ್ನು ನಿಜವಾದ ಸಿಡಿತಲೆ ಇಟ್ಟು ಸ್ಫೋಟಿಸಿ ಪರೀಕ್ಷಿಸುವುದು ದುಂದುವೆಚ್ಚವೆಂದು ಯುದ್ಧಕ್ಕೆ ಮುಂಚಿನ ಬಡ ವರ್ಷಗಳಲ್ಲಿ ಆ ಕೆಲಸವನ್ನು ಕೈಬಿಟ್ಟಿದ್ದರು. ಯುದ್ಧ ಬಂತು. ಟಾರ್ಪಿಡೊ ಹೇಳಿದ್ದಕ್ಕಿಂತ ಹತ್ತಡಿ ಆಳದಲ್ಲಿ ಓಡಿ ಹಡಗಿನ ಕೆಳಗೆ ನುಸುಳಿಹೋಗುತ್ತಿತ್ತು. ಅದನ್ನು ಸರಿಪಡಿಸಿದರೆ, ಕಾಂತಶಕ್ತಿಯಿಂದ ಸಿಡಿಯಬೇಕಾದ ಕೀಲು ಬೇಕಾದಲ್ಲಿ ಸಿಡಿಯದೆ ಬೇಡವಾದಲ್ಲಿ ಸಿಡಿಯುತ್ತಿತ್ತು. ಅದನ್ನು ಕಳಚಿದರೆ, ನೇರ ಬಡಿದಾಗ ಸಿಡಿಯಬೇಕಾದ ಮೊಳೆ ಬಡಿತಕ್ಕೇ ಬಾಗಿ ಸುಮ್ಮನಾಗುತ್ತಿತ್ತು. ಎಲ್ಲ ಸರಿಹೋಗುವಾಗ 1943 ಮುಗಿಯುತ್ತ ಬಂದಿತ್ತು. ಕಾಗದದ ಮೇಲೆ ಅಮೆರಿಕದ ಬಳಿ ಆ ವಿದ್ಯೆ ಯುದ್ಧದ ಮೊದಲ ದಿನದಿಂದಲೇ ಇತ್ತು. ಕೈಯಲ್ಲಿ ಇರಲಿಲ್ಲ. ಪರೀಕ್ಷೆಯ ಹಣ ಉಳಿಸಿದ ಗುಮಾಸ್ತನಿಗೆ ಆ ವರ್ಷ ಒಳ್ಳೆಯ ಷರಾ ಸಿಕ್ಕಿರಬೇಕು.

ನಾವು ಈ ಆಟ ಆಡುವುದು ಬೆಂಗಳೂರಿನಲ್ಲಿ. ಕೂತಲ್ಲಿಂದ ಒಂದು ಬಸ್ಸಿನ ದೂರದಲ್ಲಿ ಇಂಥ ಲೆಕ್ಕವನ್ನು ದಾಳವಿಲ್ಲದೆ ಮಾಡಿದ ಕಚೇರಿಗಳಿವೆ. ಇಸ್ರೊ 1991ರಲ್ಲಿ ಆಗಿನ ಸೋವಿಯತ್ ಒಕ್ಕೂಟದ ಗ್ಲಾವ್‌ಕಾಸ್ಮಾಸ್ ಜೊತೆ ಕ್ರಯೋಜೆನಿಕ್ ಎಂಜಿನ್ನಿಗೂ ಅದರ ತಂತ್ರಜ್ಞಾನಕ್ಕೂ ಒಪ್ಪಂದ ಮಾಡಿಕೊಂಡಿತ್ತು. ನಮ್ಮ ಆಟದ ಭಾಷೆಯಲ್ಲಿ ಇದು ವಿನಿಮಯ. 1992ರಲ್ಲಿ ಅಮೆರಿಕ ಎರಡೂ ಕಡೆಯವರ ಮೇಲೆ ನಿರ್ಬಂಧ ಹೇರಿತು. 1993ರಲ್ಲಿ ರಷ್ಯ ತಂತ್ರಜ್ಞಾನ ಕೊಡುವ ಮಾತಿನಿಂದ ಹಿಂದೆ ಸರಿದು ಸಿದ್ಧ ಎಂಜಿನ್ನು ಮಾತ್ರ ಕೊಡುತ್ತೇನೆಂದಿತು. ಮುಂದಿನದೆಲ್ಲ ಬಲ್ಬು ತುಂಬುವ ಕಥೆ. ಮೈನಸ್ 253 ಡಿಗ್ರಿ ಸೆಲ್ಸಿಯಸ್‌ನ ದ್ರವ ಜಲಜನಕವನ್ನು ಪಳಗಿಸುವ ವಿದ್ಯೆ ಪುಸ್ತಕದಲ್ಲಿ ಎಲ್ಲರಿಗೂ ಗೊತ್ತಿರುವುದೇ. ಸ್ವದೇಶಿ ಎಂಜಿನ್ನು ಹೊತ್ತ ಜಿಎಸ್‌ಎಲ್‌ವಿ 2010ರ ಏಪ್ರಿಲ್‌ನಲ್ಲಿ ಮೊದಲು ಹಾರಿ ವಿಫಲವಾಯಿತು. 2014ರ ಜನವರಿ 5ರಂದು ಗೆದ್ದಿತು. ವಿನಿಮಯ ತಪ್ಪಿದ ದಿನದಿಂದ ಗೆದ್ದ ದಿನದವರೆಗೆ ಇಪ್ಪತ್ತು ವರ್ಷ. ಇಷ್ಟು ದೀರ್ಘ ಸಂಶೋಧನೆಗೆ ಆಟದಲ್ಲಿ ಯಾರೂ ಹಣ ಹಾಕುವುದಿಲ್ಲ. ಎರಡು ಸುತ್ತು ಬಲ್ಬು ಹತ್ತದಿದ್ದರೆ ಹುಡುಗರು ಯೋಜನೆ ಕೈಬಿಟ್ಟು ಬೇರೆ ವಿದ್ಯೆಗೆ ಹಾರುತ್ತಾರೆ.

ಇದೇ ಊರಿನ ಜಿಟಿಆರ್‌ಇ ಪ್ರಯೋಗಾಲಯದಲ್ಲಿ ಯುದ್ಧವಿಮಾನದ ‘ಕಾವೇರಿ’ ಎಂಜಿನ್ನಿಗೆ ಮಂಜೂರಾತಿ ಸಿಕ್ಕಿದ್ದು 1989ರಲ್ಲಿ, ಸುಮಾರು 383 ಕೋಟಿ ರೂಪಾಯಿಗೆ. 1996ಕ್ಕೆ ಮುಗಿಯಬೇಕಿತ್ತು. 2001ರ ಜನವರಿಯಲ್ಲಿ ಆ ವಿಮಾನ, ಅಂದರೆ ತೇಜಸ್, ಮೊದಲು ಹಾರಿದಾಗ ಅದರ ಹೊಟ್ಟೆಯಲ್ಲಿದ್ದದ್ದು ಅಮೆರಿಕದ ಎಂಜಿನ್ನು. 2008ರಲ್ಲಿ ಕಾವೇರಿಯನ್ನು ತೇಜಸ್‌ನಿಂದ ಅಧಿಕೃತವಾಗಿ ಬೇರ್ಪಡಿಸಿದರು. ಅಷ್ಟಕ್ಕೆ ಹಣ ನೀರಿಗೆ ಹೋಯಿತೆಂದು ಬರೆಯಲು ಲೆಕ್ಕ ಪರಿಶೋಧಕನ ಪೆನ್ನಿಗೆ ಆಸೆಯಾಗುವುದು ಸಹಜ. ಆದರೆ ಅದೇ ಎಂಜಿನ್ನಿನಿಂದ ಬೆಳೆದದ್ದನ್ನು ಪೈಲಟ್ ಇಲ್ಲದ ವಿಮಾನಕ್ಕೆ ಹೊಂದಿಸುವ ಕೆಲಸ ನಡೆದಿದೆ. ಹುಡುಕಿದ್ದು ಸಿಗದೆ ಮಗ್ಗುಲಿನದು ಸಿಗುವ ಈ ಬಗೆಗೆ ನಾನು ಕಂಡ ಆಟಗಳಲ್ಲಿ ಸರಿಯಾದ ನಿಯಮವಿಲ್ಲ. ಇರುವುದು ಎರಡೇ ಫಲಿತಾಂಶ: ಸಿಕ್ಕಿತು, ಸಿಗಲಿಲ್ಲ. ನಿಯಮ ಬರೆಯುವವರು ಒಂದು ಪ್ರಯೋಗಾಲಯದ ಕಾರಿಡಾರಿನಲ್ಲಿ ಅರ್ಧ ದಿನ ಅಡ್ಡಾಡಿ ಬಂದರೆ ಒಳ್ಳೆಯದು.

ಹಾಗೆಂದು ನಿಜ ನಿಜ ಎನ್ನುತ್ತ ಎಲ್ಲವನ್ನೂ ನಿಯಮಕ್ಕೆ ತುರುಕಿದರೂ ಗತಿ ನೆಟ್ಟಗಿರುವುದಿಲ್ಲ. 1979ರಲ್ಲಿ ಸ್ಟೀಫನ್ ಕೋಲ್ ರೂಪಿಸಿದ ‘ಸ್ಟಾರ್‌ಫೈರ್’ ಜೇಬಿನಲ್ಲಿ ಹಿಡಿಯುವ ಪುಟ್ಟ ಆಟವಾಗಿತ್ತು. ಆಮೇಲೆ ಕಾದಂಬರಿಕಾರ ಡೇವಿಡ್ ವೆಬರ್ ಮೊದಲಾದವರ ಕೈಯಲ್ಲಿ ಅದಕ್ಕೆ ಸಾಮ್ರಾಜ್ಯ, ಜನಸಂಖ್ಯೆ, ತೆರಿಗೆ, ಸಂಶೋಧನೆ ಎಲ್ಲ ಸೇರಿ ಬೆಳೆಯಿತು. ಬೆಳೆದು ಬೆಳೆದು ಕದನ ಆಡುವ ಹೊತ್ತಿಗಿಂತ ಲೆಕ್ಕ ಬರೆಯುವ ಹೊತ್ತೇ ಹೆಚ್ಚಾಯಿತು. ಆ ಲೆಕ್ಕದ ನೆರವಿಗೆಂದೇ ಸ್ಟೀವ್ ವಾಮ್ಸ್‌ಲಿ ಎಂಬವರು ಕಂಪ್ಯೂಟರ್ ಪ್ರೋಗ್ರಾಮು ಬರೆದರು. ಮುಂದೆ ಆ ದಾರಿಯಲ್ಲೇ ‘ಅರೋರಾ’ ಎಂಬ ಸ್ವತಂತ್ರ ಆಟ ಹುಟ್ಟಿತು. ಅಳಿಯ ಅದನ್ನು ತೋರಿಸಿದಾಗ ಪರದೆಯ ತುಂಬ ಅಂಕಿಗಳ ಕೋಷ್ಟಕ ಬಿಟ್ಟು ಬೇರೇನೂ ಕಾಣಲಿಲ್ಲ. ನನಗೆ ಕಣ್ಣು ತುಂಬಿ ಬಂತು. ಅಲ್ಲಿ ಪ್ರತಿ ಸಂಶೋಧನೆಗೂ ಹೆಸರಿರುವ ಒಬ್ಬ ವಿಜ್ಞಾನಿಯನ್ನು ನೇಮಿಸಬೇಕು. ಅವನಿಗೆ ಒಂದು ವಿಷಯದಲ್ಲಿ ಪರಿಣತಿ, ಅವನ ಕೈಕೆಳಗೆ ಇಂತಿಷ್ಟೇ ಪ್ರಯೋಗಾಲಯ. ಅವನಿಗೆ ವಯಸ್ಸಾಗುತ್ತದೆ, ನಿವೃತ್ತಿಯಾಗುತ್ತದೆ, ಸಾವೂ ಬರುತ್ತದೆ. ಎಂಜಿನ್ನಿನ ವಿದ್ಯೆ ಗೊತ್ತಿದ್ದರೂ ನಿಮಗೆ ಬೇಕಾದ ಎಂಜಿನ್ನನ್ನು ಬಿಡಿಯಾಗಿ ವಿನ್ಯಾಸ ಮಾಡಿ, ಆ ವಿನ್ಯಾಸಕ್ಕೇ ಮತ್ತೆ ಸಂಶೋಧನೆ ನಡೆಸಬೇಕು. ನಾನು ಹೇಳಿದ ದೂರವನ್ನು ಇಷ್ಟು ಕರಾರುವಾಕ್ಕಾಗಿ ಅಳೆದ ಆಟ ಇನ್ನೊಂದಿಲ್ಲ. ಆದರೆ ಅದನ್ನು ಊಟದ ಮೇಜಿನ ಮೇಲೆ ಆಡಲಾಗದು. ಸಾರು ಆರಿಹೋಗುತ್ತದೆ.

ಸಂಶೋಧನೆಯೇ ಇಲ್ಲದಿದ್ದರೆ ಏನಾಗುತ್ತದೆಂಬುದಕ್ಕೂ ಒಂದು ಸಾಕ್ಷಿಯಿದೆ. 1981ರಲ್ಲಿ ಕ್ಯಾಲಿಫೋರ್ನಿಯದಲ್ಲಿ ‘ಟ್ರಾವೆಲರ್’ ಎಂಬ ಆಟದ ನೌಕಾಪಡೆಗಳ ಪಂದ್ಯ ನಡೆಯಿತು. ಎಲ್ಲರಿಗೂ ಒಂದು ಲಕ್ಷ ಕೋಟಿಯ ಒಂದೇ ಬಜೆಟ್ಟು, ಒಂದೇ ನಿಯಮಪುಸ್ತಕ, ನಡುವೆ ಹೊಸ ವಿದ್ಯೆ ಕಲಿಯುವಂತಿಲ್ಲ. ಡಗ್ಲಸ್ ಲೆನಟ್ ಎಂಬ ಗಣಕ ವಿಜ್ಞಾನಿ ಆ ನಿಯಮಗಳನ್ನು ‘ಯೂರಿಸ್ಕೊ’ ಎಂಬ ತಮ್ಮ ಪ್ರೋಗ್ರಾಮಿಗೆ ಉಣಿಸಿ ಪಡೆ ಕಟ್ಟಿಸಿದರು. ಬೇರೆಯವರು ಚುರುಕಾದ ದೊಡ್ಡ ಹಡಗು ತಂದರೆ ಅವರದು ಕುಂಟುತ್ತ ಸಾಗುವ, ಮೈತುಂಬ ತೋಪು ಹೊತ್ತ, ಲೆಕ್ಕವಿಲ್ಲದಷ್ಟು ಸಣ್ಣ ಹಡಗುಗಳ ಹಿಂಡು. ನೋಡಿದವರು ನಕ್ಕರು, ಆಮೇಲೆ ಸೋತರು. ಮರುವರ್ಷ ಪಡೆ ಚುರುಕಾಗಿರಬೇಕೆಂದು ನಿಯಮ ತಿದ್ದಿದರು. ಈ ಸಲ ಅವರ ಪಡೆ ಏಟು ತಿಂದು ನಿಧಾನವಾದ ತನ್ನದೇ ಹಡಗುಗಳನ್ನು ತಾನೇ ಮುಳುಗಿಸಿ ಚುರುಕು ಉಳಿಸಿಕೊಂಡು ಮತ್ತೆ ಗೆದ್ದಿತು. ಇನ್ನೊಮ್ಮೆ ಹೀಗೇ ಗೆದ್ದರೆ ಪಂದ್ಯವನ್ನೇ ನಿಲ್ಲಿಸುತ್ತೇವೆಂದು ಸಂಘಟಕರು ಹೇಳಿದ ಮೇಲೆ ಲೆನಟ್ ಹಿಂದೆ ಸರಿದರು. ವಿದ್ಯೆ ಬೆಳೆಯದಿದ್ದರೆ ಆಟಗಾರ ನಿಯಮದ ಸಂದಿಗಳನ್ನೇ ಸಂಶೋಧಿಸುತ್ತಾನೆ. ಸರ್ಕಾರಿ ಸುತ್ತೋಲೆಗಳನ್ನು ಓದಿ ಬೆಳೆದ ನನಗೆ ಇದರಲ್ಲಿ ಅಚ್ಚರಿಯೇನೂ ಕಾಣಲಿಲ್ಲ.

ಇಷ್ಟೆಲ್ಲ ಅಳೆದು ಸುರಿದು, ನಮ್ಮ ಮುಂದಿನ ಕ್ಯಾಂಪೇನಿಗೆ ಸಂಶೋಧನೆಯ ನಿಯಮಗಳನ್ನು ನಾನೇ ಬರೆದಿದ್ದೇನೆ. ಒಂದು ಹಾಳೆಯ ಒಂದು ಮಗ್ಗುಲಿನಲ್ಲಿ ಹಿಡಿಯಬೇಕೆಂಬುದು ಗೃಹಮಂತ್ರಿಯ ಷರತ್ತು. ಸಂಶೋಧನೆಗೆಂದು ಎತ್ತಿಟ್ಟ ಹಣವನ್ನು ಬೇರೆ ಲೆಕ್ಕಶೀರ್ಷಿಕೆಗೆ ತಿರುಗಿಸುವಂತಿಲ್ಲ. ಈ ಒಂದು ವಾಕ್ಯ ಬರೆಯುವಾಗ ನಿವೃತ್ತಿಯ ನಂತರ ಸಿಗದ ಸುಖ ಸಿಕ್ಕಿತು. ಬೆಲೆಯ ಅರ್ಧ ತುಂಬಿದ ಮೇಲೆ ಪ್ರತಿ ಆಯವ್ಯಯಕ್ಕೊಮ್ಮೆ ದಾಳ. ತುಂಬಿದಷ್ಟೂ ಗೆಲ್ಲುವ ಅಂಕಿ ಹಿಗ್ಗುತ್ತದೆ. ಹತ್ತು ಬಿದ್ದರೆ ನೀವು ಹುಡುಕಿದ್ದು ಸಿಗುವುದಿಲ್ಲ, ಪಟ್ಟಿಯಲ್ಲಿ ಅದರ ಮಗ್ಗುಲಿನದು ಸಿಗುತ್ತದೆ. ಇದು ಕಾವೇರಿಯ ಗೌರವಾರ್ಥ. ಹೊಸ ವಿದ್ಯೆಯ ಮೊದಲ ಹಡಗನ್ನು ಪರೀಕ್ಷೆಗೆಂದು ಒಂದು ಸುತ್ತು ನಿಲ್ಲಿಸಬೇಕು. ಅವಸರಪಟ್ಟು ನೇರ ಯುದ್ಧಕ್ಕೆ ಕಳಿಸುವವರು ಕಳಿಸಬಹುದು, ಆದರೆ ಮೊದಲ ಗುಂಡಿಗೆ ಮುಂಚೆ ದಾಳ ಹಾಕಿ ಬೆಸ ಬಿದ್ದರೆ ಆ ಆಯುಧ ಸಿಡಿಯುವುದಿಲ್ಲ. ಎದುರಾಳಿ ನಿಮ್ಮ ಮೇಲೆ ಬಳಸಿದ ವಿದ್ಯೆ ನಿಮಗೆ ಆಮೇಲೆ ಅರ್ಧ ಬೆಲೆಗೆ. ಏಟು ತಿಂದವನಿಗೆ ಅಷ್ಟಾದರೂ ಸಿಗಬೇಡವೇ? ಹಳೆಯ ಹಡಗು ಮನೆಗೆ ಬಂದ ಹೊರತು ಹೊಸ ಕವಚವಿಲ್ಲ ಎಂಬ ಮೂಲ ನಿಯಮವನ್ನು ಒಂದಕ್ಷರ ಬದಲಿಸದೆ ಉಳಿಸಿದ್ದೇನೆ.

ಹುಡುಗರಿಗೆ ಓದಿ ಹೇಳಿದೆ. ‘ಅಂಕಲ್, ಇಷ್ಟು ದಾಳ ಬೇಕಾ?’ ಎಂದಳು ಬೇಹಿನ ಹಡಗಿನ ಹುಡುಗಿ. ಅಳಿಯ ಹಾಳೆಯನ್ನು ಎರಡು ಸಲ ಓದಿದ. ‘ಮಾವ, ಈ ನಿಯಮದಲ್ಲಿ ಎಲ್ಲಾ ವಿದ್ಯೆ ಕಲಿಯಕ್ಕೆ ಎಷ್ಟು ಭಾನುವಾರ ಬೇಕಾಗತ್ತೆ?’ ಎಂದು ಕೇಳಿ ಪೆನ್ಸಿಲ್ ತೆಗೆದು ಲೆಕ್ಕ ಹಾಕಲು ಕೂತ. ನನ್ನವಳ ಆಕ್ಷೇಪ ಒಂದೇ, ಮೇಜಿನ ಬಗ್ಗೆ. ಅದನ್ನು ಕಡತಕ್ಕೆ ಸೇರಿಸಿಕೊಂಡಿದ್ದೇನೆ.

ನಾಲ್ವರ ಆಟ ಇದು. ನಾಲ್ಕನೆಯವನು ಮೊನ್ನೆ ಜರ್ಮನಿಗೆ ಕೆಲಸದ ಮೇಲೆ ಹೋದದ್ದರಿಂದ ಒಂದು ಕುರ್ಚಿ ಖಾಲಿಯಿದೆ. ಆಸಕ್ತಿಯಿರುವವರು ಭಾನುವಾರ ಊಟ ಮುಗಿಸಿಕೊಂಡು ಬನ್ನಿ. ಯುದ್ಧದ ಅನುಭವ ಬೇಕಿಲ್ಲ, ಕೂಡುವುದು ಕಳೆಯುವುದು ಗೊತ್ತಿದ್ದರೆ ಸಾಕು. ಪೆನ್ಸಿಲ್ಲು ರಬ್ಬರು ನೀವೇ ತನ್ನಿ, ಖಜಾನೆಯಿಂದ ಅದಕ್ಕೆ ಮಂಜೂರಾತಿ ಇಲ್ಲ.